ಶ್ರಾವಣದ ಊಟ ಸಪ್ಪಗ್ಯಾಕ? ಸಂಜೆ ಒಲೆ ಹಚ್ಚುವವರಿಗೊಂದು ಬಹಿರಂಗ ಪತ್ರ

ರಾಯಚೂರು, ದೇವದುರ್ಗ, ಮಾನ್ವಿಯ ಮನೆಗಳಲ್ಲಿ ರಾತ್ರಿಯೂಟಕ್ಕೆ ಒಲೆ ಹಚ್ಚುವ ಅವ್ವಂದಿರೇ, ಅಕ್ಕತಂಗಿಯರೇ, ಈಗೀಗ ಅಡುಗೆಮನೆಗೆ ಕಾಲಿಡುತ್ತಿರುವ ಅಣ್ಣತಮ್ಮಂದಿರೇ,



ಆಷಾಢ ಮುಗಿಯುವ ಹೊತ್ತಿಗೆ ನಮ್ಮ ಕಡೆ ಒಂದು ಮಾತು ಶುರುವಾಗುತ್ತದೆ: "ಇನ್ನೊಂದು ತಿಂಗಳು ಸಪ್ಪನ ಊಟ ನೋಡ್ರಿ." ಉಳ್ಳಾಗಡ್ಡಿ, ಬಳ್ಳೊಳ್ಳಿ ಬಿಟ್ಟ ಮನೆಗಳಲ್ಲಿ ರಾತ್ರಿ ತಾಟಿನ ಮುಂದೆ ಮಕ್ಕಳ ಮುಖ ಸಣ್ಣದಾಗುತ್ತದೆ. ಗಂಡಸರು ಏನೋ ನೆಪ ತೆಗೆದು ಮಿರ್ಚಿ ಅಂಗಡಿಯ ಕಡೆ ಹೋಗಿಬರುತ್ತಾರೆ. ಅಡುಗೆ ಮಾಡಿದವರು "ವ್ರತ ಅಂದಮೇಲೆ ಇಷ್ಟೇ" ಎಂದು ತಾಟು ಎತ್ತುತ್ತಾರೆ. ಯಾರಿಂದಲೂ ಉಳ್ಳಾಗಡ್ಡಿ ಬಿಡಿಸುವುದು ಈ ಪತ್ರದ ಉದ್ದೇಶವಲ್ಲ. ಬಿಟ್ಟ ದಿನ ರುಚಿಯನ್ನೂ ಬಿಡಬೇಕಾಗಿಲ್ಲ ಎಂದು ಹೇಳುವುದಷ್ಟೇ ಉದ್ದೇಶ.

ಒಂದು ಪ್ರಶ್ನೆ ಕೇಳುತ್ತೇನೆ. ಹಬ್ಬದ ದಿನ ನೈವೇದ್ಯಕ್ಕೆಂದು ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಪಲ್ಯೆ, ಕೋಸಂಬರಿ, ಚಿತ್ರಾನ್ನ ಮಾಡುತ್ತೇವಲ್ಲ, ಎಷ್ಟೋ ಮನೆಗಳಲ್ಲಿ ಅದರಲ್ಲಿ ಉಳ್ಳಾಗಡ್ಡಿಯೂ ಇರುವುದಿಲ್ಲ, ಬಳ್ಳೊಳ್ಳಿಯೂ ಇರುವುದಿಲ್ಲ. ಅಂದು ಯಾರಾದರೂ ಊಟ ಸಪ್ಪಗಿದೆ ಎಂದದ್ದುಂಟೇ? ಕಟ್ಟಿನ ಸಾರನ್ನು ಮರುದಿನಕ್ಕೂ ಉಳಿಸಿಕೊಂಡು ಕಾಸಿ ಕಾಸಿ ಉಣ್ಣುತ್ತೇವೆ. ಅದೇ ಮನೆ, ಅದೇ ಕೈ, ಅದೇ ಡಬ್ಬಿಯ ಸಾಮಾನು. ಆದರೂ ಶ್ರಾವಣದ ಮಂಗಳವಾರವೋ ಬುಧವಾರವೋ ಮಾಡಿದ ಬ್ಯಾಳಿ ನಾಲಿಗೆಗೆ ಹತ್ತುವುದಿಲ್ಲ. ಕಾರಣ ಸರಳ. ಹಬ್ಬದ ದಿನ ನಾವು ಹುರಿಯುತ್ತೇವೆ, ರುಬ್ಬುತ್ತೇವೆ, ಹುಳಿ ಬೆಲ್ಲ ತೂಗಿ ನೋಡುತ್ತೇವೆ. ವಾರದ ದಿನ ಮಾತ್ರ ದಿನದ ಅಡುಗೆಯನ್ನೇ ಮಾಡಿ, ಒಗ್ಗರಣೆಯಿಂದ ಬಳ್ಳೊಳ್ಳಿಯನ್ನು ಕಳೆದುಬಿಡುತ್ತೇವೆ. ಕಳೆದ ಜಾಗಕ್ಕೆ ಏನನ್ನೂ ಕೂಡಿಸುವುದಿಲ್ಲ. ಊಟ ಸಪ್ಪಗಾಗುವುದು ಅಲ್ಲಿ.

ನಮ್ಮ ಜಿಲ್ಲೆಗೆ ಉಳ್ಳಾಗಡ್ಡಿ ಬಿಟ್ಟ ಅಡುಗೆ ಹೊಸದಲ್ಲ. ದಾಸರ ಸೀಮೆ ಇದು. ವಿಜಯದಾಸರು ಹುಟ್ಟಿದ್ದು ಮಾನ್ವಿ ತಾಲ್ಲೂಕಿನ, ತುಂಗಭದ್ರೆಯ ದಂಡೆಯ ಚೀಕಲಪರ್ವಿಯಲ್ಲಿ. ಗೋಪಾಲದಾಸರ ಊರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲು. ಜಗನ್ನಾಥದಾಸರು (1728-1809) ಮಾನ್ವಿಯಲ್ಲೇ ನೆಲೆಸಿದವರು. ಅವರ 'ಹರಿಕಥಾಮೃತಸಾರ'ದಲ್ಲಿ ಊಟಕ್ಕೇ ಒಂದು ಸಂಧಿ ಮೀಸಲಾಗಿದೆ, ಭೋಜನರಸವಿಭಾಗ ಸಂಧಿ. ಎಲೆಯ ಮೇಲಿನ ಒಂದೊಂದು ಪದಾರ್ಥದಲ್ಲೂ ಯಾವ ಭಗವದ್ರೂಪವನ್ನು ನೆನೆಯಬೇಕೆಂದು ಅದು ಹೇಳುತ್ತದೆ. ಊಟವನ್ನು ಇಷ್ಟು ಗಮನದಿಂದ ನೋಡಿದ ಊರಿನವರು ನಾವು. ಹೊಳೆ ದಾಟಿದರೆ ಮಂತ್ರಾಲಯ. 1671ರಲ್ಲಿ ರಾಘವೇಂದ್ರ ಸ್ವಾಮಿಗಳು ವೃಂದಾವನ ಪ್ರವೇಶಿಸಿದ್ದು ಶ್ರಾವಣ ಬಹುಳ ಬಿದಿಗೆಯಂದು. ಆರಾಧನೆಗೆಂದು ಬರುವ ನೆಂಟರು ರಾಯಚೂರಿನ ಮನೆಗಳಲ್ಲಿ ಒಂದು ರಾತ್ರಿಯಾದರೂ ಉಳಿದು ಇದೇ ಅಡುಗೆ ಉಣ್ಣುತ್ತಾರೆ.

ಉಳ್ಳಾಗಡ್ಡಿ ಬಿಡುವವರು ದಾಸರ ಮನೆತನಗಳವರು, ಮಾಧ್ವರು ಮಾತ್ರವಲ್ಲ. ಬಜಾರಿನ ಜೈನ ವ್ಯಾಪಾರಿಗಳ ಮನೆಗಳಲ್ಲಿ ಆಲೂಗಡ್ಡೆ, ಗಜ್ಜರಿಯಂಥ ಗಡ್ಡೆಗಳೂ ಇಲ್ಲ. ಶ್ರಾವಣ ಸೋಮವಾರ ಹಿಡಿಯುವ ಲಿಂಗಾಯತ ಮನೆಗಳುಂಟು. ಶನಿವಾರ ಮಾತ್ರ ಬಿಡುವವರುಂಟು. ಹೊಟ್ಟೆಯ ಕಾರಣಕ್ಕೆ ಬಿಟ್ಟವರೂ ಇದ್ದಾರೆ. ಉಳ್ಳಾಗಡ್ಡಿ, ಬಳ್ಳೊಳ್ಳಿಗಳಲ್ಲಿ ಫ್ರಕ್ಟಾನ್ ಎಂಬ ಸಕ್ಕರೆಯ ಸರಪಳಿ ಇದೆ. ಅದು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಮುಂದಕ್ಕೆ ಹೋಗಿ ಕೆಲವರಿಗೆ ಹೊಟ್ಟೆಯುಬ್ಬರ, ನೋವು ತರುತ್ತದೆ. ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದವರು ಇಂಥ ರೋಗಿಗಳಿಗೆಂದು ರೂಪಿಸಿದ ಪಥ್ಯದಲ್ಲಿ ಮೊದಲು ದೂರವಿಡುವ ಪದಾರ್ಥಗಳಲ್ಲಿ ಇವೆರಡೂ ಇವೆ. ಇನ್ನು ಕೆಲವು ವರ್ಷ ಪೇಟೆಯೇ ವ್ರತ ಹಿಡಿಸುತ್ತದೆ. 2019ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಉಳ್ಳಾಗಡ್ಡಿ ಕಿಲೋಗೆ 200 ರೂಪಾಯಿ ಮುಟ್ಟಿದಾಗ ಯಾವ ಜಾತಿಯ ಒಗ್ಗರಣೆಯಲ್ಲೂ ಅದು ಧಾರಾಳವಾಗಿ ಬೀಳಲಿಲ್ಲ.

ಹೀಗೆ ಕಾರಣ ಯಾವುದೇ ಇರಲಿ, ಒಲೆಯ ಮುಂದೆ ನಿಂತವರ ಕಷ್ಟ ಒಂದೇ. ಅದನ್ನು ಬಿಡಿಸಬೇಕಾದರೆ ಬಾಣಲೆಯಲ್ಲಿ ಉಳ್ಳಾಗಡ್ಡಿ ಮಾಡುತ್ತಿದ್ದ ಕೆಲಸವೇನು ಎಂದು ಮೊದಲು ನೋಡಬೇಕು. ಅದು ನಾಲ್ಕು ಕೆಲಸ ಮಾಡುತ್ತದೆ. ಬೆಂದು ಸಿಹಿ ಬಿಡುತ್ತದೆ. ಕರಗಿ ರಸಕ್ಕೆ ಮೈ ಕೊಡುತ್ತದೆ. ಎಣ್ಣೆಯಲ್ಲಿ ಕೆಂಪಾಗಿ ಹುರಿದ ಘಮ ತರುತ್ತದೆ. ಗಂಧಕದ ಅಂಶದಿಂದ ಬರುವ ಆ ಖಮಂಗ ವಾಸನೆ ನಾಲ್ಕನೆಯದು, ಬಳ್ಳೊಳ್ಳಿಯದೂ ಮುಖ್ಯವಾಗಿ ಇದೇ ಕೆಲಸ. ಈ ನಾಲ್ಕನ್ನೂ ಒಂದೇ ಪದಾರ್ಥದಿಂದ ತುಂಬಲಾಗದು. ನಾಲ್ಕು ಕಡೆಯಿಂದ ತರಬೇಕು. ಸಿಹಿಗೆ ಬೆಲ್ಲ, ಒಣ ಕೊಬ್ಬರಿ, ಕುಂಬಳಕಾಯಿ. ಮೈಗೆ ಶೇಂಗಾ, ಎಳ್ಳು, ಗುರೆಳ್ಳು, ಪುಟಾಣಿ. ಘಮಕ್ಕೆ ಹುರಿಯುವ ತಾಳ್ಮೆ. ನಾಲ್ಕನೆಯದಕ್ಕೆ ಇಂಗು.

ಇಂಗಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಹೆಚ್ಚಿನವರು ಅದನ್ನು ಶಾಸ್ತ್ರಕ್ಕೆ ಒಂದು ಚಿಟಿಕೆ ಹಾಕಿ ಕೈಬಿಡುತ್ತಾರೆ. ಇಂಗು ಒಂದು ಗಿಡದ ಬೇರಿನಿಂದ ಸೋರುವ ಅಂಟು. ಅಫ್ಘಾನಿಸ್ತಾನ, ಇರಾನ್, ಉಜ್ಬೇಕಿಸ್ತಾನಗಳಿಂದ ಬರುತ್ತದೆ. ನಮ್ಮ ದೇಶದಲ್ಲಿ ಬೆಳೆಯುವ ಪ್ರಯತ್ನವಾಗಿ ಪಾಲಂಪುರದ ಸಿಎಸ್‌ಐಆರ್ ಸಂಸ್ಥೆ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಸಸಿ ನೆಟ್ಟದ್ದು 2020ರ ಅಕ್ಟೋಬರಿನಲ್ಲಿ. ಉಳ್ಳಾಗಡ್ಡಿ, ಬಳ್ಳೊಳ್ಳಿಯ ಹಾಗೆ ಇದರ ವಾಸನೆಗೂ ಗಂಧಕದ ಸಂಯುಕ್ತಗಳೇ ಮೂಲ. ಆದ್ದರಿಂದಲೇ ಅವುಗಳ ಜಾಗದಲ್ಲಿ ಇದು ನಿಲ್ಲಬಲ್ಲದು. ಅಂಗಡಿಯಲ್ಲಿ ಸಿಗುವ ಪುಡಿ ಇಂಗಿನಲ್ಲಿ ಅಸಲು ಅಂಟಿನ ಜೊತೆ ಗೋಧಿ ಹಿಟ್ಟೋ ಅಕ್ಕಿ ಹಿಟ್ಟೋ ಗೋಂದೋ ಕಲೆತಿರುತ್ತದೆ. ಏಕಾದಶಿಗೆ ಧಾನ್ಯ ಮುಟ್ಟದವರು ಡಬ್ಬಿಯ ಮೇಲಿನ ಅಕ್ಷರ ಓದಿಕೊಳ್ಳಿ. ಗಟ್ಟಿ ಇಂಗು ಸಿಕ್ಕರೆ ಒಂದು ಚೂರನ್ನು ಬಿಸಿನೀರಲ್ಲಿ ನೆನೆಸಿ ಆ ನೀರನ್ನು ಕುದಿಯುವ ಬ್ಯಾಳಿಗೆ ಹಾಕಿ. ಪುಡಿಯಾದರೆ ಎಣ್ಣೆ ಕಾದ ಮೇಲೆ, ಸಾಸಿವೆ ಸಿಡಿದು ಜೀರಿಗೆ ಅರಳಿದ ಕ್ಷಣದಲ್ಲಿ ಹಾಕಿ, ಕೂಡಲೇ ಮುಂದಿನದನ್ನು ಹಾಕಿ. ತಣ್ಣನೆಯ ಸಾರಿಗೆ ಉದುರಿಸಿದರೆ ಹಸಿ ವಾಸನೆ ಉಳಿಯುತ್ತದೆ, ಎಣ್ಣೆಯಲ್ಲಿ ಕರಿಕಾದರೆ ಕಹಿ ಬರುತ್ತದೆ.

ಈಗ ನಮ್ಮ ನಿಜವಾದ ಆಸ್ತಿಗೆ ಬರೋಣ. ಕೃಷ್ಣೆ ತುಂಗಭದ್ರೆಯರ ನಡುವಿನ ಈ ದೋಆಬಿನಲ್ಲಿ ಕಾಲುವೆ ಬಂದು ಭತ್ತ ಹೆಚ್ಚಾಗಿರಬಹುದು. ಆದರೆ ನಮ್ಮ ಅಡುಗೆಯ ಬೆನ್ನೆಲುಬು ಇನ್ನೂ ಒಣ ಹೊಲದ ಎಣ್ಣೆಕಾಳು: ಶೇಂಗಾ, ಗುರೆಳ್ಳು, ಎಳ್ಳು, ಅಗಸಿ. ರೊಟ್ಟಿಯ ಜೊತೆ ಇವನ್ನು ಕುಟ್ಟಿದ ಹಿಂಡಿ ಇಲ್ಲದ ಮನೆ ನಮ್ಮಲ್ಲಿ ಅಪರೂಪ. ಆ ಹಿಂಡಿಗೆ ಬಳ್ಳೊಳ್ಳಿ ಹಾಕುವುದು ವಾಡಿಕೆ. ಬಿಟ್ಟಾಗ ಏನು ಮಾಡಬೇಕು? ಜೀರಿಗೆಯನ್ನು ಎರಡರಷ್ಟು ಮಾಡಿ. ಒಂದು ಹಿಡಿ ಕರಿಬೇವನ್ನು ಒಣ ಬಾಣಲೆಯಲ್ಲಿ ಗರಿಗರಿಯಾಗುವ ತನಕ ಹುರಿದು ಸೇರಿಸಿ. ಇಂಗನ್ನು ಒಂದು ಹನಿ ಎಣ್ಣೆಯಲ್ಲಿ ಅರಳಿಸಿ ಹಾಕಿ. ಹುಣಸೆಯ ಒಂದು ಎಸಳನ್ನು ಬೆಚ್ಚಗೆ ಮಾಡಿ ಜೊತೆಗೆ ಕುಟ್ಟಿ. ಶೇಂಗಾ ಸಣ್ಣ ಉರಿಯಲ್ಲಿ ಸಿಪ್ಪೆ ಕಪ್ಪಾಗದೆ ಒಳಗೆ ಕೆಂಪಗಾಗಬೇಕು. ಗುರೆಳ್ಳು ಚಟಪಟ ಎಂದ ಕೂಡಲೇ ಇಳಿಸಬೇಕು, ಇಲ್ಲದಿದ್ದರೆ ಕಹಿ. ಅಗಸಿಯೂ ಹಾಗೆಯೇ. ಎಣ್ಣೆಕಾಳಿನ ಪುಡಿ ಬೇಗ ಕಮಟು ಹಿಡಿಯುತ್ತದೆ. ಆದ್ದರಿಂದ ಇಡೀ ತಿಂಗಳಿಗೆ ಒಮ್ಮೆಲೇ ಕುಟ್ಟಿಡಬೇಡಿ, ಹದಿನೈದು ದಿನಕ್ಕೆ ಸಾಕಾಗುವಷ್ಟು ಮಾಡಿ. ಈ ಹಿಂಡಿ ಡಬ್ಬಿಯಲ್ಲಿದ್ದರೆ ಅರ್ಧ ಅಡುಗೆ ಆದಂತೆಯೇ. ಬೆಂದ ಚವಳಿಕಾಯಿ, ಹೀರೇಕಾಯಿ, ತೊಂಡೆಕಾಯಿ ಯಾವುದಕ್ಕೇ ಎರಡು ಚಮಚ ಉದುರಿಸಿದರೂ ಪಲ್ಯೆಗೆ ಮೈ ಬರುತ್ತದೆ.

ಎಣಗಾಯಿ ಈ ವಿದ್ಯೆಯ ತುದಿ. ನಾಲ್ಕು ಜನಕ್ಕೆ ಅರ್ಧ ಕಿಲೋ ಎಳೆಯ ಮುಳಗಾಯಿ, ಅಂದರೆ ಬದನೆಕಾಯಿ, ತನ್ನಿ. ಒಂದು ಬಟ್ಟಲು ಹುರಿದ ಶೇಂಗಾ, ಎರಡೆರಡು ಚಮಚ ಎಳ್ಳು, ಗುರೆಳ್ಳು, ಎರಡು ಚಮಚ ಒಣಕೊಬ್ಬರಿ, ಒಂದು ಚಮಚ ಜೀರಿಗೆ, ಒಂದು ಚಮಚ ಕೊತ್ತಂಬರಿ ಕಾಳು, ಎಲ್ಲವನ್ನೂ ಬೇರೆ ಬೇರೆ ಹುರಿದು ಒಟ್ಟಿಗೆ ತರಿತರಿಯಾಗಿ ಪುಡಿ ಮಾಡಿ. ಕೆಂಪು ಖಾರ, ಅರಿಷಿಣ, ಉಪ್ಪು, ನಿಂಬೆಗಾತ್ರದ ಹುಣಸೆಯ ರಸ, ಅದಕ್ಕಿಂತ ಸ್ವಲ್ಪ ಕಡಿಮೆ ಬೆಲ್ಲ ಸೇರಿಸಿ ಕಲಸಿ ಕಾಯಿಗೆ ತುಂಬಿ. ಎಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವು. ಕಾಯಿ ಜೋಡಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಎಲ್ಲಾ ಮಗ್ಗುಲೂ ಬಣ್ಣ ತಿರುಗುವ ತನಕ ಬಿಡಿ. ಆಮೇಲೆ ಉಳಿದ ಮಸಾಲೆ, ಬಿಸಿನೀರು. ಮೇಲೆ ಎಣ್ಣೆ ತೇಲಿದಾಗ ಇಳಿಸಿ. ಉಳ್ಳಾಗಡ್ಡಿ ಹುರಿಯುವ ಕಾಲು ಗಂಟೆ ಇಲ್ಲಿ ಕಾಳು ಹುರಿಯುವುದಕ್ಕೆ ಹೋಗುತ್ತದೆ, ಹೆಚ್ಚಿನ ಹೊತ್ತೇನೂ ಬೇಡ. ಹಿಂಡಿ ಮೊದಲೇ ಇದ್ದರೆ ಅದೂ ಉಳಿಯುತ್ತದೆ.

ಪುಂಡಿ ಪಲ್ಯೆಯಲ್ಲಿ ಬಳ್ಳೊಳ್ಳಿ ಒಗ್ಗರಣೆ ಇಲ್ಲದಿದ್ದರೆ ಹೇಗೆ ಎನ್ನುವವರಿದ್ದಾರೆ. ಪುಂಡಿಯ ಹುಳಿಯೇ ಅದರ ಜೀವ, ಒಗ್ಗರಣೆ ಅದಕ್ಕೆ ಜೊತೆ ಮಾತ್ರ. ತೊಗರಿ ಬ್ಯಾಳಿ ಮತ್ತು ಜೋಳದ ನುಚ್ಚನ್ನು ಮೊದಲೇ ಮೆತ್ತಗೆ ಬೇಯಿಸಿಕೊಳ್ಳಿ. ಹುಳಿ ಬಿದ್ದ ಮೇಲೆ ಬ್ಯಾಳಿ ಬೇಯುವುದು ತಡ, ಕೊಳವೆಬಾವಿಯ ಗಡಸು ನೀರಾದರೆ ಇನ್ನೂ ತಡ. ಬೆಂದ ಮೇಲೆ ಸೊಪ್ಪು, ಹಸಿಮೆಣಸಿನಕಾಯಿ ಹಾಕಿ ಕುದಿಸಿ ಮಸೆಯಿರಿ. ಒಗ್ಗರಣೆಗೆ ಎಣ್ಣೆ ಧಾರಾಳ ಇರಲಿ: ಸಾಸಿವೆ, ಜೀರಿಗೆ, ಮುರಿದ ಒಣಮೆಣಸಿನಕಾಯಿ, ನೆನೆಸಿದ ಶೇಂಗಾ, ದಿನಕ್ಕಿಂತ ಎರಡರಷ್ಟು ಇಂಗು. ಬಿಸಿ ಜೋಳದ ರೊಟ್ಟಿಯ ಮೇಲೆ ಹಾಕಿ ಕೊಡಿ, ಯಾವ ಮಗುವೂ ಬಳ್ಳೊಳ್ಳಿ ಎಲ್ಲಿ ಎಂದು ಕೇಳುವುದಿಲ್ಲ.

ದಿನದ ಬ್ಯಾಳಿಗೂ ಇದೇ ನಿಯಮ. ಹೆಸರು ಬ್ಯಾಳಿಯನ್ನು ಬೇಯಿಸುವ ಮೊದಲು ಒಂದು ಚಮಚ ತುಪ್ಪದಲ್ಲಿ ವಾಸನೆ ಬರುವ ತನಕ ಹುರಿಯಿರಿ, ಆಮೇಲೆ ಮೆಂತ್ಯ ಸೊಪ್ಪು ಹಾಕಿ. ಟೊಮೆಟೊ ಹಾಕುವುದಾದರೆ ಇಡೀ ಹಣ್ಣನ್ನು ಕೆಂಡದ ಮೇಲೋ ಗ್ಯಾಸಿನ ಉರಿಯ ಮೇಲೋ ಸುಟ್ಟು ಹಿಚುಕಿ ಹಾಕಿ. ಸುಟ್ಟ ಟೊಮೆಟೊ ಕೊಡುವ ಗಾಢ ರುಚಿ ಹಸಿ ಹೋಳಿನಿಂದ ಬಾರದು. ನಿಂಬೆ, ಕೊತ್ತಂಬರಿ ಸೊಪ್ಪು ಒಲೆಯಿಂದ ಇಳಿಸಿದ ಮೇಲೆಯೇ.

ಇದಕ್ಕಿಂತ ಕಟ್ಟುನಿಟ್ಟಿನ ಅಡುಗೆಯೂ ನಮ್ಮ ನಡುವೆ ಇದೆ. ಚಾತುರ್ಮಾಸ್ಯ ಹಿಡಿದ ಮಾಧ್ವ ಮನೆಗಳಲ್ಲಿ ಮೊದಲ ತಿಂಗಳು ಶಾಕವ್ರತ, ಎರಡನೆಯದು ಮೊಸರು ಬಿಡುವ ದಧಿವ್ರತ, ಮೂರನೆಯದು ಹಾಲು ಬಿಡುವ ಕ್ಷೀರವ್ರತ, ನಾಲ್ಕನೆಯದು ಬೇಳೆಕಾಳು ಬಿಡುವ ದ್ವಿದಳವ್ರತ. ಶಾಕವ್ರತದಲ್ಲಿ ಕಾಯಿಪಲ್ಲೆ, ಸೊಪ್ಪು ಮಾತ್ರವಲ್ಲ, ಮೆಣಸಿನಕಾಯಿ, ಹುಣಸೆ, ಕೊತ್ತಂಬರಿ, ಸಾಸಿವೆಯೂ ಇಲ್ಲ. ಕೈಯಲ್ಲಿ ಉಳಿಯುವುದು ಹೆಸರು, ಉದ್ದು, ಜೀರಿಗೆ, ಕರಿಮೆಣಸು, ತುಪ್ಪ, ಬೇಸಿಗೆಯಲ್ಲಿ ಒಣಗಿಸಿಟ್ಟ ಮಾವಿನಕಾಯಿ. ಅಷ್ಟರಲ್ಲೇ ಹುರಿದ ಹೆಸರುಬೇಳೆಯ ತೊವ್ವೆ, ಮಾವಿನ ಪುಡಿಯ ಹುಳಿ, ಮೆಣಸು ಜೀರಿಗೆಯ ಸಾರು ಮಾಡಿ ಬಡಿಸುವ ಅಜ್ಜಿಯರು ನಮ್ಮ ಓಣಿಗಳಲ್ಲೇ ಇದ್ದಾರೆ. ಅವರಿಗೆ ಹೋಲಿಸಿದರೆ ಬರೀ ಉಳ್ಳಾಗಡ್ಡಿ ಬಿಟ್ಟ ನಮ್ಮ ಕೈಯಲ್ಲಿ ಸಾಮಾನು ಬೇಕಾದಷ್ಟಿದೆ.

ಉಳ್ಳಾಗಡ್ಡಿ ಬಿಟ್ಟ ಅಡುಗೆ ಎಂದರೆ ಬಡ ಅಡುಗೆ ಎಂಬ ಭ್ರಮೆ ಹೊರಗೆ ಎಷ್ಟೋ ಕಡೆ ಇಲ್ಲ. ಕಾಶ್ಮೀರಿ ಪಂಡಿತರು ಇಂಗು, ಸೋಂಪು, ಶುಂಠಿಪುಡಿ, ಮೊಸರುಗಳಿಂದ ಮಾಂಸವನ್ನೇ ಉಳ್ಳಾಗಡ್ಡಿ ಬಳ್ಳೊಳ್ಳಿ ಇಲ್ಲದೆ ಬೇಯಿಸುತ್ತಾರೆ. ಬಂಗಾಲದಲ್ಲಿ ಕಾಳಿದೇವಿಗೆ ಅರ್ಪಿಸಿದ ಆಡಿನ ಮಾಂಸವನ್ನೂ ಹಾಗೆಯೇ ಮಾಡುತ್ತಾರೆ, ಜೀರಿಗೆ ಶುಂಠಿಯ ಬಲದ ಮೇಲೆ. ಕೊರಿಯಾದ ಬೌದ್ಧ ವಿಹಾರಗಳ ಅಡುಗೆಯಲ್ಲಿ ಬಳ್ಳೊಳ್ಳಿ, ಉಳ್ಳಾಗಡ್ಡಿಯ ಜಾತಿಯ ಯಾವುದೂ ಇಲ್ಲ. ಅವರು ರಸಕ್ಕೆ ಮೈ ತರಿಸುವುದು ಪೆರಿಲ್ಲಾ ಎಂಬ ಎಣ್ಣೆಬೀಜದ ಪುಡಿಯಿಂದ. ನಮ್ಮ ಗುರೆಳ್ಳು ಮಾಡುವ ಕೆಲಸವನ್ನೇ ಅಲ್ಲಿ ಅದು ಮಾಡುತ್ತದೆ.

ಒಂದೆರಡು ಎಚ್ಚರಿಕೆ. ರುಚಿ ಸಾಲದು ಅನ್ನಿಸಿದಾಗ ಖಾರ ಹೆಚ್ಚಿಸುವುದು ನಮ್ಮ ಕಡೆಯ ಮೊದಲ ಉಪಾಯ. ಖಾರ ಬಾಯಿ ಸುಡುತ್ತದೆ, ಕೊರತೆ ತುಂಬುವುದಿಲ್ಲ. ಮೊದಲು ಹುಳಿ ನೋಡಿ, ಆಮೇಲೆ ಉಪ್ಪು, ಆಮೇಲೆ ಬೆಲ್ಲದ ಒಂದು ಚೂರು, ಕೊನೆಗೆ ಖಾರ. ಹೋಟೆಲಿನ ಹಾಗೆ ಗೋಡಂಬಿ, ಕೆನೆ ಅರೆದು ಹಾಕುವುದೂ ದಾರಿಯಲ್ಲ. ವಾರದ ಏಳು ರಾತ್ರಿ ಅದು ಹೊಟ್ಟೆಗೂ ಜೇಬಿಗೂ ಭಾರ. ಹೊಟ್ಟೆಯ ತೊಂದರೆಗೆ ಬಿಟ್ಟವರಿಗೆ ಒಂದು ಮಾತು: ಗೋಧಿಯಲ್ಲೂ ಫ್ರಕ್ಟಾನ್ ಇದೆ, ಬೇಳೆಕಾಳುಗಳಲ್ಲೂ ಹೊಟ್ಟೆಯುಬ್ಬರಿಸುವ ಇಂಥವೇ ಬೇರೆ ಸಕ್ಕರೆಗಳಿವೆ. ಉಳ್ಳಾಗಡ್ಡಿ ಬಿಟ್ಟೂ ನೋವು ನಿಲ್ಲದಿದ್ದರೆ ಡಾಕ್ಟರನ್ನು ಕಾಣಿ, ಮನೆಯಲ್ಲೇ ಒಂದೊಂದನ್ನು ಬಿಡುತ್ತಾ ಹೋಗಬೇಡಿ.

ಕೊನೆಯದಾಗಿ, ರುಚಿಗಿಂತ ಸೂಕ್ಷ್ಮವಾದ ಮಾತೊಂದಿದೆ. ಹೊಲದಲ್ಲಿ ಹತ್ತಿ ಬಿಡಿಸಿ ಬಂದವರ ಬುತ್ತಿಯಲ್ಲಿ ರೊಟ್ಟಿ, ಹಿಂಡಿ, ಗುದ್ದಿ ಒಡೆದ ಹಸಿ ಉಳ್ಳಾಗಡ್ಡಿ ಇರುತ್ತದೆ. ಆ ಊಟದಲ್ಲಿ ಕೊರತೆಯಾಗಲಿ ಮೈಲಿಗೆಯಾಗಲಿ ಇಲ್ಲ. ನಾನು ಬಿಟ್ಟೆ ಎನ್ನುವುದು ನನ್ನ ತಾಟಿಗೆ ಸಂಬಂಧಿಸಿದ್ದು. ಪಕ್ಕದವರ ತಾಟನ್ನು ಅಳೆಯುವ ಕೋಲಾದ ಕೂಡಲೇ ಅದು ಕೆಡುತ್ತದೆ. 2019ರ ಡಿಸೆಂಬರಿನಲ್ಲಿ ಉಳ್ಳಾಗಡ್ಡಿ ಬೆಲೆಯ ಚರ್ಚೆಯ ನಡುವೆ, ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋಗಿದ್ದ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ತಾವು ಅದನ್ನು ಹೆಚ್ಚು ತಿನ್ನದ ಮನೆತನದಿಂದ ಬಂದವರೆಂದು ಲೋಕಸಭೆಯಲ್ಲಿ ಹೇಳಿದಾಗ ಎದ್ದ ಗದ್ದಲ ನೆನಪಿರಬಹುದು. ಮಾತು ನಿಜವೇ ಇರಬಹುದು, ತಿನ್ನುವವರ ಕಷ್ಟಕ್ಕೆ ಅದು ಉತ್ತರವಾಗಲಿಲ್ಲ. ಅದಕ್ಕೂ ಹಿಂದೆ, 2018-19ರಲ್ಲಿ, ಅಕ್ಷಯಪಾತ್ರ ಪ್ರತಿಷ್ಠಾನ ನಮ್ಮ ರಾಜ್ಯದ ಶಾಲೆಗಳಿಗೆ ಕಳಿಸುವ ಬಿಸಿಯೂಟದಲ್ಲಿ ಉಳ್ಳಾಗಡ್ಡಿ ಬಳ್ಳೊಳ್ಳಿ ಬಳಸಲು ಒಪ್ಪದಿದ್ದಾಗಲೂ ಇದೇ ಪ್ರಶ್ನೆ ಎದ್ದಿತ್ತು: ಒಬ್ಬರ ನೇಮವನ್ನು ಇನ್ನೊಬ್ಬರ ಮಕ್ಕಳ ತಾಟಿಗೆ ಬಡಿಸಬಹುದೇ? ನನ್ನ ಉತ್ತರ ಇಷ್ಟೇ. ಮಕ್ಕಳಿಗೆ ಮನೆಯಲ್ಲಿ ರೂಢಿಯಾದ ರುಚಿ ಶಾಲೆಯಲ್ಲೂ ಸಿಗಬೇಕು, ವ್ರತ ಹಿಡಿದ ಮನೆಗಳಲ್ಲಿ ವ್ರತದ ಊಟವೂ ಅಷ್ಟೇ ರುಚಿಯಾಗಿರಬೇಕು.

ಆದ್ದರಿಂದ ನಿಮ್ಮಲ್ಲಿ ನನ್ನ ಬೇಡಿಕೆಗಳು ಇವು. ಶ್ರಾವಣಕ್ಕೆ ಮೊದಲು ಎರಡು ಬಗೆಯ ಹಿಂಡಿ ಕುಟ್ಟಿಡಿ, ಕುಟ್ಟುವ ಕೆಲಸ ಗಂಡಸರು ಮಾಡಲಿ. ಶಾಕವ್ರತದ ಅಡುಗೆ ಬಲ್ಲ ಹಿರಿಯರ ಹತ್ತಿರ ಕುಳಿತು ಅಳತೆಸಮೇತ ಬರೆದುಕೊಳ್ಳಿ. ಅದು ಯಾವ ಜಾತಿಯ ಗುಟ್ಟೂ ಆಗಿ ಉಳಿಯಬೇಕಿಲ್ಲ. ಬಿಟ್ಟವರು ಮನೆಗೆ ಬಂದರೆ ಕೇಳಿ ಮಾಡಿ, ತಿನ್ನುವವರು ನಿಮ್ಮಲ್ಲಿಗೆ ಬಂದರೆ ನಿಮ್ಮ ಅಡುಗೆಯನ್ನೇ ಹೊಟ್ಟೆ ತುಂಬ ಬಡಿಸಿ, ಉಪದೇಶ ಬಡಿಸಬೇಡಿ. ಈ ಶ್ರಾವಣದಲ್ಲಿ "ವ್ರತ ಅಂದಮೇಲೆ ಇಷ್ಟೇ" ಎನ್ನುವ ಮಾತನ್ನು ಕೂಡ ಬಿಟ್ಟುಬಿಡಿ. ವ್ರತ ಕೇಳುವುದು ಉಳ್ಳಾಗಡ್ಡಿಯನ್ನು ಬಿಡಿ ಎಂದು, ಕೈರುಚಿಯನ್ನು ಬಿಡಿ ಎಂದಲ್ಲ.

ಇಂತಿ ನಿಮ್ಮ,
ಮಾನ್ವಿ ಸೀಮೆಯ ಒಬ್ಬ ಸೋದರಿ